ತಿರುಗುವ ಮರ, ಕರಗುವ ಅರಗು

ಚನ್ನಪಟ್ಟಣದ ಬುಗುರಿಯನ್ನೋ ಮಗುವಿನ ಗಿಲಕಿಯನ್ನೋ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿ. ಕುಂಚ ಆಡಿದ ಗುರುತು ಎಲ್ಲೂ ಕಾಣುವುದಿಲ್ಲ. ಬಣ್ಣ ಸೋರಿ ಹೆಪ್ಪುಗಟ್ಟಿದ ಹನಿ ಇಲ್ಲ, ವಾರ್ನಿಷಿನ ವಾಸನೆ ಇಲ್ಲ. ಕೆಂಪು ಮುಗಿದಲ್ಲಿ ಹಳದಿ ಶುರುವಾಗುತ್ತದೆ, ನಡುವಿನ ಗೆರೆ ಸುತ್ತಲೂ ಒಂದಿಷ್ಟೂ ಅಂಕುಡೊಂಕಾಗದೆ ಬಂದು ತಾನು ಹೊರಟಲ್ಲಿಗೇ ಸೇರುತ್ತದೆ. ಇದಕ್ಕೆ ಕಾರಣ ಸರಳ. ಈ ಬೊಂಬೆಗೆ ಯಾರೂ ಬಣ್ಣ ಬಳಿದಿಲ್ಲ. ಗರಗರನೆ ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿದಿದ್ದಾರೆ, ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಂಡಿದೆ. ಬಣ್ಣ, ಅಂಟು, ಹೊಳಪು ಮೂರೂ ಒಂದೇ ಕೆಲಸದಲ್ಲಿ ಮುಗಿದಿವೆ.

ಈ ಕಸುಬನ್ನು ಅರಿಯಲು ಎರಡು ಸಂಗತಿಗಳನ್ನು ಹಿಡಿದುಕೊಂಡರೆ ಸಾಕು. ಮರ ತಿರುಗುತ್ತದೆ, ಊರು ದಾರಿಯ ಮೇಲಿದೆ. ಬೊಂಬೆಯ ರೂಪವೆಲ್ಲ ಮೊದಲನೆಯದರಿಂದ ಬಂತು. ಕಸುಬಿಗೆ ಬೇಕಾದ ಸಾಮಗ್ರಿ, ಹೊಸ ವಿದ್ಯೆ, ಕೊಳ್ಳುವ ಗಿರಾಕಿ ಎಲ್ಲ ಎರಡನೆಯದರಿಂದ ಬಂದವು.

ದಾರಿಯ ಮೇಲಿನ ಊರು

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು 60 ಕಿಲೋಮೀಟರ್ ಬಂದರೆ ಚನ್ನಪಟ್ಟಣ. ಸುತ್ತಲೂ ಒಣ ಗುಡ್ಡ, ಮಾವಿನ ತೋಪು, ತೆಂಗು, ರಾಗಿ ಹೊಲ, ಹಿಪ್ಪುನೇರಳೆ ತೋಟ. ಊರಿಗಿಂತ ಹಳೆಯವು ಅದರ ನೆರೆಯ ಹಳ್ಳಿಗಳು. ಮೈಸೂರಿನ ದಿಕ್ಕಿಗೆ ಮೂರ್ನಾಲ್ಕು ಕಿಲೋಮೀಟರ್ ಹೋದರೆ ಕಣ್ವ ನದಿಯ ಬದಿಯ ದೊಡ್ಡಮಳೂರು ಸಿಗುತ್ತದೆ. ಅಲ್ಲಿನ ಅಪ್ರಮೇಯಸ್ವಾಮಿಯ ಗುಡಿ ಚೋಳರ ಕಾಲದಷ್ಟು ಹಳೆಯದು. ಅದೇ ಗುಡಿಯ ಆವರಣದಲ್ಲಿ ಅಂಬೆಗಾಲು ನವನೀತ ಕೃಷ್ಣ ಇದ್ದಾನೆ. ಒಂದು ಕೈಯಲ್ಲಿ ಬೆಣ್ಣೆ ಹಿಡಿದು ತೆವಳುವ ಆ ಕೂಸನ್ನು ಕಂಡೇ ಪುರಂದರದಾಸರು ‘ಜಗದೋದ್ಧಾರನ’ ಹಾಡಿದರೆಂಬುದು ಊರಿನವರ ನಂಬಿಕೆ. ಮಕ್ಕಳಾಗಲೆಂದು ಬೇಡಿಕೊಳ್ಳುವವರು ಇಲ್ಲಿಗೆ ಬರುತ್ತಾರೆ, ಹರಕೆ ಫಲಿಸಿದವರು ಪುಟ್ಟ ತೊಟ್ಟಿಲು ಒಪ್ಪಿಸಿ ಹೋಗುತ್ತಾರೆ. ತೆವಳುವ ಮಗುವಿನ ದೇವರು ಒಂದು ಕಡೆ, ತೆವಳುವ ಮಗುವಿಗೆ ಆಟಿಕೆ ಮಾಡುವ ಊರು ಇನ್ನೊಂದು ಕಡೆ. ಇಷ್ಟು ಹತ್ತಿರ ಇವೆರಡೂ ಕೂಡಿಬಂದದ್ದು ಕಾಕತಾಳೀಯವೇ ಇರಬಹುದು. ಆದರೂ ಗುಡಿಗೆ ಬಂದ ಸಂಸಾರ ಹಿಂತಿರುಗುವಾಗ ಚನ್ನಪಟ್ಟಣದಲ್ಲಿ ಇಳಿದು ಒಂದು ನಡೆಗಾಡಿ ಕೊಳ್ಳುವುದಂತೂ ನಡೆದೇ ಇದೆ.

ಇನ್ನೊಂದು ಕಡೆ ಅಬ್ಬೂರು. ಬ್ರಹ್ಮಣ್ಯತೀರ್ಥರ ವೃಂದಾವನವಿರುವ ಊರು. ವಿಜಯನಗರದ ಅರಸರಿಂದ ಗೌರವ ಪಡೆದ ವ್ಯಾಸತೀರ್ಥರಿಗೆ ಸನ್ಯಾಸ ಕೊಟ್ಟ ಗುರು ಇವರೇ. ಆ ವ್ಯಾಸತೀರ್ಥರ ಶಿಷ್ಯ ಪುರಂದರದಾಸರು. ಹೀಗಾಗಿ ಅಬ್ಬೂರಿಗೂ ಮಳೂರಿಗೂ ನಡುವೆ ಗುರುಶಿಷ್ಯರ ನಂಟೊಂದು ಹಾದುಹೋಗುತ್ತದೆ.

ಚನ್ನಪಟ್ಟಣಕ್ಕೆ ಕೋಟೆ ಬಂದದ್ದು ವಿಜಯನಗರದ ಇಳಿಗಾಲದಲ್ಲಿ. ಆಗಿನ ರಾಜಧಾನಿ ಪೆನುಕೊಂಡೆಯ ರಕ್ಷಣೆಯಲ್ಲಿ ಪರಾಕ್ರಮ ತೋರಿದ ಜಗದೇವರಾಯನಿಗೆ ಅರಸರು ಈ ಸೀಮೆಯನ್ನು ಬಿಟ್ಟುಕೊಟ್ಟರು. ಆತ 1580ರ ಸುಮಾರಿಗೆ ಇಲ್ಲಿ ಕೋಟೆ ಕಟ್ಟಿಸಿದ. ಅರ್ಧ ಶತಮಾನದ ಮೇಲೆ, 1630ರಲ್ಲಿ, ಊರು ಮೈಸೂರು ಒಡೆಯರ ಕೈ ಸೇರಿತು. ಟಿಪ್ಪುವಿನ ಗುರುಗಳೆಂದು ಹೆಸರಾದ ಅಕೀಲ್ ಶಾ ಖಾದ್ರಿ ಅವರ ದರ್ಗಾ ಊರಿನ ಇನ್ನೊಂದು ಹೆಗ್ಗುರುತು. ಬೆಂಗಳೂರಿನಿಂದ ಬರುವಾಗ ಊರಿಗೆ ಮುಂಚೆ ಸಿಗುವ ಕೆಂಗಲ್ ಆಂಜನೇಯನ ಗುಡಿಯಂತೂ ದಾರಿಹೋಕರಿಗೆಲ್ಲ ಗೊತ್ತು. ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಹೆಸರಿನಲ್ಲಿ ಈ ಕೆಂಗಲ್ ಉಳಿದುಕೊಂಡಿದೆ.

ಕೋಟೆ ಆಳುವವರದಾಯಿತು, ದುಡಿಯುವವರದು ಪೇಟೆ. ಕೋಟೆಯ ಈಶಾನ್ಯಕ್ಕಿದ್ದ ಶುಕ್ರವಾರಪೇಟೆಯಲ್ಲಿ ಕುಶಲಕರ್ಮಿಗಳು ನೆಲೆಸಿದ್ದರೆಂದು ಬ್ರಿಟಿಷರ ಕಾಲದ ಗೆಜೆಟಿಯರ್‌ಗಳು ಹೇಳುತ್ತವೆ. ಅರಗಿನ ಸಾಮಾನು, ಆಟಿಕೆ, ಗಾಜಿನ ಬಳೆ, ಸಂಗೀತ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ, ಇವು ಆ ಪೇಟೆಯ ಸರಕು. ಪಶ್ಚಿಮ ಕರಾವಳಿಯೊಡನೆ ವ್ಯಾಪಾರ ನಡೆಸುವ ದಾಯರೆ ಮತ್ತು ಲಬ್ಬೆ ಮುಸ್ಲಿಂ ಮನೆತನಗಳು ಇಲ್ಲಿದ್ದವು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಇಲ್ಲಿನ ತಂತಿಗೆ ಇಂಡಿಯಾದ ದೂರದೂರದಲ್ಲೂ ಬೆಲೆಯಿತ್ತೆಂದು ಬರೆದಿದ್ದಾನೆ. ಅಚ್ಚ ಬಿಳಿಯ ನಯವಾದ ಸಕ್ಕರೆ ಮಾಡುವ ಗುಟ್ಟನ್ನು ಬಲ್ಲ ಮನೆತನವೊಂದು ಇಲ್ಲಿದ್ದುದನ್ನೂ ಅವನು ಗುರುತಿಸಿದ್ದಾನೆ.

ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಬಳೆಯ ಗಾಜು, ಎಳೆಯುವ ಉಕ್ಕು, ಕುದಿಯುವ ಕಬ್ಬಿನ ಹಾಲು, ಅರಗು ಎಲ್ಲವೂ ಕಾವಿನ ಕಸುಬುಗಳು. ಆಮೇಲೆ ಬಂದ ರೇಷ್ಮೆಯೂ ಅಷ್ಟೆ, ಗೂಡನ್ನು ಬಿಸಿನೀರಿಗೆ ಹಾಕಿ ಮೆತ್ತಗಾದ ಮೇಲೇ ಎಳೆ ಹಿಡಿಯಬೇಕು. ವಸ್ತು ಯಾವ ಗಳಿಗೆಯಲ್ಲಿ ಮೆದುವಾಗುತ್ತದೆ, ಎಷ್ಟು ಹೊತ್ತು ಮೆದುವಾಗಿರುತ್ತದೆ, ಅಷ್ಟರೊಳಗೆ ಕೈ ಏನು ಮಾಡಿ ಮುಗಿಸಬೇಕು, ಇದನ್ನು ಬಲ್ಲವರು ಈ ಪೇಟೆಯಲ್ಲಿ ತಲೆಮಾರುಗಳಿಂದ ಇದ್ದರು. ಹದ ಹಿಡಿಯುವುದು ಈ ಊರಿನ ವಿದ್ಯೆ. ಬೊಂಬೆ ಆ ವಿದ್ಯೆಯ ಒಂದು ಕೊಂಬೆ, ಉಳಿದ ಹಲವು ಒಣಗಿದ ಮೇಲೂ ಚಿಗುರುತ್ತ ಬಂದ ಕೊಂಬೆ.

ಆಲೆ ಮರ

ಟಿಪ್ಪು ಸುಲ್ತಾನ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಅರಗಿನ ಕೆಲಸ ಕಲಿಸಿದನೆಂಬ ಮಾತು ಚನ್ನಪಟ್ಟಣದಲ್ಲಿ ಎಲ್ಲರ ಬಾಯಲ್ಲೂ ಇದೆ. ವಿದ್ಯೆ ಹೊರಗಿನಿಂದ ಬಂದಿದ್ದರೂ ಮರ ಮಾತ್ರ ಇಲ್ಲಿಯದೇ. ಆಲೆ ಮರ, ಕೆಲವರ ಬಾಯಲ್ಲಿ ಹಾಲೆ. ಸಸ್ಯಶಾಸ್ತ್ರದಲ್ಲಿ ರೈಟಿಯಾ ಟಿಂಕ್ಟೋರಿಯಾ. ದಕ್ಷಿಣ ಕರ್ನಾಟಕದ ಒಣಗಾಡುಗಳಲ್ಲಿ ಬೆಳೆಯುವ ಸಣ್ಣ ಗಾತ್ರದ ಮರ. ಕೊಂಬೆ ಮುರಿದರೆ ಹಾಲು ಸುರಿಯುತ್ತದೆ, ಬಿಳಿ ಹೂವು ಮಲ್ಲಿಗೆಯ ಹಾಗೆ ಕಂಪು ಸೂಸುತ್ತದೆ, ಕಾಯಿಗಳು ಜೋಡಿಯಾಗಿ ಹುಟ್ಟಿ ತುದಿಯಲ್ಲಿ ಒಂದಕ್ಕೊಂದು ಕೂಡಿಕೊಂಡು ತೂಗುತ್ತವೆ. ಇದರ ಎಲೆಯಿಂದ ಹಿಂದೆ ನೀಲಿ ಬಣ್ಣ ತೆಗೆಯುತ್ತಿದ್ದರು. ಲ್ಯಾಟಿನ್ ಹೆಸರಿನಲ್ಲಿರುವ ಟಿಂಕ್ಟೋರಿಯಾ ಅದನ್ನೇ ಸೂಚಿಸುತ್ತದೆ.

ಬೊಂಬೆಯವರಿಗೆ ಬೇಕಾದದ್ದು ಇದರ ಒಳಮೈ. ಕೊಯ್ದರೆ ದಂತದ ಬಿಳುಪು, ಎಳೆ ಬಹಳ ನಯ. ತೇಗದಲ್ಲಿ ಕಾಣುವಂಥ ಎದ್ದು ತೋರುವ ಉಂಗುರಗಳಿಲ್ಲ. ತಿರುಗುವ ಮರಕ್ಕೆ ಉಳಿ ಒಡ್ಡಿದಾಗ ಗಟ್ಟಿ ಪದರ ಮೆತ್ತನೆಯ ಪದರ ಎಂಬ ಭೇದವಿದ್ದರೆ ಉಳಿ ಕುಪ್ಪಳಿಸುತ್ತದೆ, ಮೇಲ್ಮೈ ತರಿತರಿಯಾಗುತ್ತದೆ. ಆಲೆಯಲ್ಲಿ ಆ ತೊಂದರೆ ಇಲ್ಲ, ಸುತ್ತಲೂ ಒಂದೇ ಸಮ ಕೊಯ್ಯುತ್ತದೆ. ಮೈ ಬಿಳಿಯಾದ್ದರಿಂದ ತೆಳ್ಳಗಿನ ಅರಗಿನ ಪದರದಡಿಯಿಂದಲೂ ಹಳದಿ ಹಳದಿಯಾಗಿಯೇ, ಕೆಂಪು ಕೆಂಪಾಗಿಯೇ ಹೊಳೆಯುತ್ತದೆ. ಆಂಧ್ರದ ಏಟಿಕೊಪ್ಪಾಕದ ಬೊಂಬೆಗಾರರೂ ಇದೇ ಮರವನ್ನು ಆರಿಸಿಕೊಂಡಿರುವುದು ಇದಕ್ಕೇ. ಅಲ್ಲಿ ಇದರ ಹೆಸರು ಅಂಕುಡು.

ಮರ ತಂದ ಕೂಡಲೇ ಕೆಲಸಕ್ಕೆ ಬರುವುದಿಲ್ಲ. ತೊಗಟೆ ಸುಲಿದು, ತುಂಡು ಮಾಡಿ, ಗಾಳಿಯಾಡುವ ನೆರಳಿನಲ್ಲಿ ಅಟ್ಟಿ ಒಟ್ಟುತ್ತಾರೆ. ಎರಡು ಮೂರು ತಿಂಗಳು ಹಾಗೇ ಬಿಡಬೇಕು. ಬಿಸಿಲಿಗೆ ಹಾಕಿ ಆತುರಪಟ್ಟರೆ ತುದಿಗಳು ಸೀಳುತ್ತವೆ. ಹಸಿಯಾಗಿಯೇ ಕಡೆದರೆ ಇನ್ನೂ ದೊಡ್ಡ ಪೇಚು. ಮರ ಒಣಗುವಾಗ ಎಲ್ಲ ದಿಕ್ಕಿನಲ್ಲೂ ಸಮನಾಗಿ ಕುಗ್ಗುವುದಿಲ್ಲ. ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಹೆಚ್ಚು, ತಿರುಳಿನಿಂದ ತೊಗಟೆಯ ಕಡೆಗೆ ಕಡಿಮೆ. ಆದ್ದರಿಂದ ಇಂದು ದುಂಡಗಿದ್ದ ಗಾಲಿ ನಾಳೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಮೇಲಿನ ಅರಗು ಬಿರುಕು ಬಿಡುತ್ತದೆ, ಬಿಗಿಯಾಗಿದ್ದ ಗೂಟ ಸಡಿಲವಾಗುತ್ತದೆ. ಒಳ್ಳೆಯ ಬೊಂಬೆಯ ಅರ್ಧ ಕೆಲಸ ಯಾರೂ ಏನೂ ಮಾಡದೆ ಮರವನ್ನು ನೆರಳಿನಲ್ಲಿ ಬಿಟ್ಟ ಆ ತಿಂಗಳುಗಳಲ್ಲಿ ನಡೆಯುತ್ತದೆ.

ಅರಗು

ಮಹಾಭಾರತ ಕೇಳಿದವರಿಗೆಲ್ಲ ಅರಗು ಗೊತ್ತು. ಪಾಂಡವರನ್ನು ಸುಡಲು ದುರ್ಯೋಧನ ಕಟ್ಟಿಸಿದ ಮನೆ ಅರಗಿನದು. ಬೆಂಕಿಗೆ ಬೇಗ ಸೋಲುವ ಅದೇ ಗುಣವನ್ನು ಬೊಂಬೆಗಾರ ಒಳ್ಳೆಯದಕ್ಕೆ ಬಳಸಿಕೊಂಡಿದ್ದಾನೆ. ಅರಗನ್ನು ಕೊಡುವುದು ಒಂದು ಪುಟ್ಟ ಹುಳು. ಮುತ್ತುಗ, ಎಲಚಿ, ಕುಸುಮದಂಥ ಮರಗಳ ಎಳೆಯ ರೆಂಬೆಗಳ ಮೇಲೆ ಸಾವಿರಗಟ್ಟಲೆ ಹುಳುಗಳು ಕುಳಿತು ರಸ ಹೀರುತ್ತವೆ, ಮೈಯಿಂದ ಅಂಟುರಾಳ ಸೂಸಿ ತಮ್ಮ ಸುತ್ತ ಕವಚ ಕಟ್ಟಿಕೊಳ್ಳುತ್ತವೆ. ರೆಂಬೆಗೆ ಮೆತ್ತಿಕೊಂಡ ಆ ಗಟ್ಟಿ ಪದರವನ್ನು ಕೆರೆದು, ತೊಳೆದು, ಕರಗಿಸಿ ಸೋಸಿದರೆ ಅರಗು. ದೇಶದ ಅರಗಿನ ಹೆಚ್ಚಿನ ಪಾಲು ಬರುವುದು ಜಾರ್ಖಂಡ್, ಛತ್ತೀಸ್‌ಗಢಗಳ ಕಾಡುಸೀಮೆಯಿಂದ.

ಬಂದ ಅರಗಿಗೆ ಬಣ್ಣ ಸೇರಿಸುವುದೇ ಒಂದು ಬೇರೆ ಕೆಲಸ. ಕೆಂಡದ ಮೇಲೆ ಹದವಾಗಿ ಕಾಯಿಸಿ, ಮೆತ್ತಗಾದ ಮುದ್ದೆಗೆ ಬಣ್ಣ ಹಾಕಿ, ಹೋಳಿಗೆಯ ಕಣಕ ನಾದುವ ಹಾಗೆ ನಾದುತ್ತಾರೆ. ಎಳೆದು ಮಡಿಸಿ, ಮತ್ತೆ ಎಳೆದು ಮಡಿಸಿ, ಬಣ್ಣ ಎಲ್ಲ ಕಡೆಗೂ ಒಂದೇ ಸಮ ಹರಡುವ ತನಕ ಬಿಡುವಂತಿಲ್ಲ. ನಡುವೆ ತಣಿದರೆ ಕೈಗೆ ಬಗ್ಗದು, ಹೆಚ್ಚು ಕಾದರೆ ಸುಟ್ಟು ಕಪ್ಪಾಗುತ್ತದೆ. ಕೊನೆಗೆ ಹೊಸೆದು ಕಡ್ಡಿ ಮಾಡಿ ಆರಿಸುತ್ತಾರೆ. ಬೊಂಬೆಗಾರನ ಬಣ್ಣದ ಪೆಟ್ಟಿಗೆ ಎಂದರೆ ಸಾಲಾಗಿ ಜೋಡಿಸಿದ ಈ ಅರಗಿನ ಕಡ್ಡಿಗಳು.

ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡ, ಕಂದಿಗೆ ಕಾಚು, ಹೀಗೆ ಗಿಡಮೂಲದ ಬಣ್ಣಗಳನ್ನು ಬಳಸುವವರು ಇದ್ದಾರೆ. ಹೊರದೇಶಕ್ಕೆ ಹೋಗುವ ಮಕ್ಕಳ ಆಟಿಕೆಗಳಲ್ಲಿ ಇವಕ್ಕೆ ಬೇಡಿಕೆ ಹೆಚ್ಚು. ರಾಸಾಯನಿಕ ಬಣ್ಣದ ಕಡ್ಡಿಗಳೂ ಉಂಟು, ಅವು ಅಗ್ಗ, ಝಗಮಗ ಹೆಚ್ಚು. ಅರಗಿನ ಬಗ್ಗೆಯಂತೂ ಹೆದರಿಕೆ ಬೇಡ. ಔಷಧದ ಮಾತ್ರೆಗೂ ಮಿಠಾಯಿಗೂ ಮೇಲ್ಹೊದಿಕೆಯಾಗಿ ಬಳಸುವುದು ಇದೇ ಅರಗನ್ನು. ಮಗುವಿನ ಬಾಯಿಗೆ ಮೊದಲು ಹೋಗುವ ಆಟಿಕೆ ಗಿಲಕಿ. ಅದಕ್ಕೆ ಅರಗಿಗಿಂತ ಒಪ್ಪುವ ಹೊದಿಕೆ ಸಿಗುವುದು ಕಷ್ಟ.

ಲೇತಿನ ಮುಂದೆ

ಹಿಂದೆ ಮರ ತಿರುಗಿಸುವ ಯಂತ್ರವಾದ ಲೇತಿಗೆ ಕರೆಂಟು ಇರಲಿಲ್ಲ. ಕಸುಬುದಾರ ನೆಲದ ಮೇಲೆ ಕುಳಿತು, ಹಗ್ಗ ಸುತ್ತಿದ ಕಮಾನನ್ನು ಒಂದು ಕೈಯಿಂದ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದ. ಮರ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗುತ್ತಿತ್ತು. ಉಳಿ ಕೊಯ್ಯುವುದು ಮರ ತನ್ನ ಕಡೆಗೆ ತಿರುಗಿ ಬಂದಾಗ ಮಾತ್ರ, ಹಿಂದಿರುಗುವಾಗ ಉಳಿಯನ್ನು ಕೂದಲೆಳೆಯಷ್ಟು ಸರಿಸಿಕೊಳ್ಳಬೇಕು. ಒಂದು ಕೈಯಲ್ಲಿ ಕಮಾನು, ಇನ್ನೊಂದು ಕೈಯಲ್ಲಿ ಉಳಿ, ಆ ಉಳಿಗೆ ಆಸರೆಯಾಗಿ ಕಾಲು. ಮೈಯೆಲ್ಲ ಯಂತ್ರದ ಒಂದು ಭಾಗವೇ ಆಗಿರುತ್ತಿತ್ತು. ವಿದ್ಯುತ್ ಲೇತ್ ಬಂದ ಮೇಲೆ ಮರ ಒಂದೇ ದಿಕ್ಕಿಗೆ ಬಿಡುವಿಲ್ಲದೆ ತಿರುಗುತ್ತದೆ, ಎರಡು ಕೈಯೂ ಬಿಡುವಾಗಿ ಉಳಿಗೇ ಸಿಗುತ್ತವೆ.

ಒಣಗಿದ ತುಂಡಿನ ಒಂದು ತುದಿಯನ್ನು ಸ್ವಲ್ಪ ಚೂಪು ಮಾಡಿ, ಲೇತಿನ ಬಟ್ಟಲಿನಂಥ ಕಬ್ಬಿಣದ ಬಾಯಿಗೆ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಮೋಟರು ಹಾಕಿದರೆ ಅಂಕುಡೊಂಕಾದ ತುಂಡು ಮಸುಕು ಮಸುಕಾಗಿ ಕಾಣುತ್ತದೆ. ಡೊಂಕು ಉಳಿ ತಾಗಿದ ಕೂಡಲೇ ಟಕಟಕ ಸದ್ದು, ಚೆಕ್ಕೆ ಹಾರಾಟ. ಉಬ್ಬುಗಳೆಲ್ಲ ಹೋಗಿ ಮರ ಉರುಟಾದಾಗ ಸದ್ದು ಬದಲಾಗಿ ಒಂದೇ ಶ್ರುತಿಯ ಗುಂಯ್‌ಗುಡುವಿಕೆ ಉಳಿಯುತ್ತದೆ. ಅಳತೆ ನೋಡುವ ಮುಂಚೆಯೇ ಮರ ಸಮವಾಗಿದೆಯೆಂದು ಆ ಸದ್ದೇ ಹೇಳಿಬಿಡುತ್ತದೆ. ಮುಂದೆ ಚಪ್ಪಟೆ ಉಳಿ. ಎಲ್ಲಿ ತಗ್ಗಬೇಕು, ಎಲ್ಲಿ ಉಬ್ಬಬೇಕು, ಕತ್ತು ಎಷ್ಟು ಸಣ್ಣಗಿರಬೇಕು ಎಂಬುದು ಕೈಗೆ ಗೊತ್ತು. ಒಂದೇ ಬಗೆಯ ನೂರು ಬೊಂಬೆಗಳ ಆರ್ಡರು ಬಂದಾಗ ನೂರನೆಯದು ಮೊದಲನೆಯದರ ಪಕ್ಕದಲ್ಲಿ ನಿಂತು ಒಪ್ಪಬೇಕು. ಪಳಗಿದ ಕೈಯ ಪರೀಕ್ಷೆ ಇರುವುದು ಅಲ್ಲಿ. ರೂಪ ಬಂದ ಮೇಲೆ ಉಪ್ಪುಕಾಗದ ಹಿಡಿದು ಮೈಯನ್ನು ನುಣುಪು ಮಾಡುತ್ತಾರೆ.

ಈಗ ಅರಗಿನ ಸರದಿ. ಮರ ತಿರುಗುತ್ತಲೇ ಇದೆ. ಕಡ್ಡಿಯ ತುದಿಯನ್ನು ಮೈಗೆ ಒತ್ತಿದ ಕ್ಷಣದಲ್ಲಿ ತಿಕ್ಕಾಟದ ಬಿಸಿಗೆ ಅದು ಕರಗತೊಡಗುತ್ತದೆ. ಒತ್ತು ಸಾಲದಿದ್ದರೆ ಕರಗದೆ ಜಾರುತ್ತದೆ. ಹೆಚ್ಚಾದರೆ ಗಂಟುಗಂಟಾಗಿ ಮೆತ್ತಿಕೊಳ್ಳುತ್ತದೆ, ಕಡ್ಡಿಯೇ ಮುರಿಯುವುದೂ ಉಂಟು. ಎಡದಿಂದ ಬಲಕ್ಕೆ ಕೈ ಸರಿದಂತೆ ಬಿಳಿಯ ಮರದ ಮೇಲೆ ಬಣ್ಣದ ಪಟ್ಟೆ ಏಳುತ್ತದೆ. ಮೊದಲು ಮಂಕಾಗಿ, ಅಲ್ಲಲ್ಲಿ ದಪ್ಪವಾಗಿ, ಅಲ್ಲಲ್ಲಿ ತೆಳ್ಳಗೆ.

ಆಗ ಕೈಗೆ ಬರುವುದು ಒಣಗಿದ ಕೇದಗೆಯ ಗರಿ. ಗರಿಯ ತುಂಡನ್ನು ಮಡಿಸಿ, ತಿರುಗುವ ಬೊಂಬೆಗೆ ಬಲವಾಗಿ ಒತ್ತಿ ಹಿಡಿದರೆ ಇನ್ನೊಮ್ಮೆ ಕಾವು ಹುಟ್ಟುತ್ತದೆ. ದಪ್ಪವಾಗಿದ್ದ ಅರಗು ಕರಗಿ ತೆಳ್ಳಗಿದ್ದ ಕಡೆಗೆ ಹರಡುತ್ತದೆ, ಮರದ ಸೂಕ್ಷ್ಮ ರಂಧ್ರಗಳಿಗೆ ಇಳಿಯುತ್ತದೆ, ಮಿಕ್ಕಿದ್ದು ಗರಿಗೆ ಹತ್ತುತ್ತದೆ. ಕಣ್ಣೆದುರಿಗೇ ಮಂಕು ಹೋಗಿ ಕನ್ನಡಿಯ ಹೊಳಪು ಬರುತ್ತದೆ. ಬಟ್ಟೆಯಾದರೆ ಅದರ ನೂಲು ಬಿಸಿ ಅರಗಿಗೆ ಅಂಟುತ್ತದೆ. ಗರಿ ನುಣುಪು, ಗಟ್ಟಿ, ಬಿಸಿ ತಡೆಯುತ್ತದೆ. ಬೇಲಿಯ ಸಾಲಿನಲ್ಲಿ, ನೀರಿನ ಬದಿಯಲ್ಲಿ ಬೆಳೆಯುವ ಗಿಡದ ಮುಳ್ಳು ತೆಗೆದ ಎಲೆ ಇಷ್ಟು ನಾಜೂಕಿನ ಉಪಕರಣವಾದೀತೆಂದು ಮೊದಲು ಕಂಡುಕೊಂಡವರು ಯಾರೋ, ಅವರಿಗೊಂದು ಶರಣು.

ಬಣ್ಣದ ಡಬ್ಬಿಯ ಪೇಂಟು ಒಣಗಬೇಕಾದರೆ ಅದರೊಳಗಿನ ದ್ರಾವಕ ಆರಿಹೋಗಬೇಕು, ಅದಕ್ಕೆ ಗಂಟೆಗಟ್ಟಲೆ ಕಾಲ ಬೇಕು, ಗಾಳಿಯಲ್ಲಿ ವಾಸನೆ ತುಂಬುತ್ತದೆ. ಇಲ್ಲಿ ಅರಗು ತಣಿದರೆ ಕೆಲಸ ಮುಗಿಯಿತು. ಎರಡನೆಯ ಬಣ್ಣ ಬೇಕಾದರೆ ಆಗಲೇ ಇನ್ನೊಂದು ಕಡ್ಡಿ ಹಿಡಿಯಬಹುದು. ಎರಡು ಬಣ್ಣ ಸೇರುವ ಕಡೆ ಉಳಿಯ ಮೊನೆ ತಾಗಿಸಿ ಗಡಿಯನ್ನು ಚೊಕ್ಕ ಮಾಡುತ್ತಾರೆ. ಗೆರೆ ಎಳೆಯುವವನ ಕೈ ಅಲುಗದೆ ನಿಂತಿದ್ದರೆ ಸಾಕು, ಸುತ್ತು ಹೊಡೆಯುವ ಕೆಲಸ ಮರದ್ದು. ಲೇಖನದ ಆರಂಭದಲ್ಲಿ ಹೇಳಿದ ಆ ಅಂಕುಡೊಂಕಿಲ್ಲದ ಗೆರೆಯ ಗುಟ್ಟು ಇಷ್ಟೆ. ಕೊನೆಗೆ ಕಿರಿದಾದ ಉಳಿಯಿಂದ ಬುಡವನ್ನು ಕೊಯ್ದರೆ ಬೊಂಬೆ ಅಂಗೈಗೆ ಬೀಳುತ್ತದೆ, ಇನ್ನೂ ಬೆಚ್ಚಗಿರುತ್ತದೆ.

ದುಂಡಗಿನ ಲೋಕ

ಲೇತಿಗೆ ಮಾಡಲು ಬರುವುದು ಒಂದೇ ರೂಪ, ಅಚ್ಚಿನ ಸುತ್ತ ಎಲ್ಲ ಕಡೆಗೂ ಸಮವಾದದ್ದು. ಕಂಬ, ಚೆಂಡು, ಶಂಕು, ಬಟ್ಟಲು, ಗಂಟೆ, ಬಳೆ, ಮಣಿ. ಮೂಗು ಮುಂದಕ್ಕೆ ಚಾಚಿದ ಮುಖವನ್ನು ಅದು ಮಾಡಲಾರದು, ಚಾಚಿದ ಕೈಯನ್ನೂ ಮಾಡಲಾರದು. ಚನ್ನಪಟ್ಟಣದ ಬೊಂಬೆಗಾರರ ಜಾಣತನವೆಲ್ಲ ಈ ಕಟ್ಟಳೆಯೊಳಗೆ ಅರಳಿದೆ. ಚೆಂಡೊಂದು ತಲೆ, ಗಂಟೆಯಾಕಾರ ಲಂಗ, ಮೇಲೊಂದು ಚಪ್ಪಟೆ ಬಟ್ಟಲು ಟೋಪಿ, ಇಷ್ಟರಿಂದ ಒಬ್ಬ ವ್ಯಕ್ತಿ ಎದ್ದು ನಿಲ್ಲುತ್ತಾನೆ. ಎರಡು ಚುಕ್ಕೆಯಿಟ್ಟರೆ ಕಣ್ಣು. ಸೊಂಟದ ತಗ್ಗು ಒಂದಿಷ್ಟು ಕೆಳಗೆ ಸರಿದರೆ ಅಜ್ಜಿ, ಮೇಲೆ ಸರಿದರೆ ಹುಡುಗಿ. ಕುದುರೆಗೆ ಉರುಳೆಯ ಮೈ, ಗೂಟದ ಕಾಲು. ರೈಲಿಗೆ ಕೊಳವೆಯ ಎಂಜಿನ್ನು, ಗುಂಡಿಯಂಥ ಗಾಲಿ. ಎತ್ತಿನಗಾಡಿ, ಅಡುಗೆ ಸಾಮಾನಿನ ಸೆಟ್ಟು, ಒಂದರ ಮೇಲೊಂದು ಪೋಣಿಸುವ ಬಳೆಗಳು, ಎಣಿಸುವ ಮಣಿಚೌಕಟ್ಟು, ನಡೆಯಲು ಕಲಿಯುವ ಮಗು ಹಿಡಿದು ತಳ್ಳುವ ಮೂರು ಗಾಲಿಯ ನಡೆಗಾಡಿ, ಎಲ್ಲವನ್ನೂ ಬಿಚ್ಚಿದರೆ ಸಿಗುವುದು ದುಂಡಗಿನ ತುಣುಕುಗಳೇ. ಆಲೆ ದೊಡ್ಡ ಮರವಲ್ಲ, ಆದ್ದರಿಂದ ತುಣುಕುಗಳೂ ಚಿಕ್ಕವು. ಅವನ್ನು ತೂತು ಕೊರೆದು, ಗೂಟ ಹೊಡೆದು, ದಾರ ಪೋಣಿಸಿ ಕೂಡಿಸುತ್ತಾರೆ. ಬಹಳ ಮನೆಗಳಲ್ಲಿ ಈ ಜೋಡಣೆ ಹೆಂಗಸರ ಕೈಯಲ್ಲಿ ನಡೆಯುತ್ತದೆ, ಲೇತಿನಲ್ಲೇ ಕೂತು ಕಡೆಯುವ ಹೆಂಗಸರೂ ಈಗ ಇದ್ದಾರೆ.

ಮಗುವಿಗೂ ಈ ದುಂಡುತನ ಒಪ್ಪುತ್ತದೆ. ಚುಚ್ಚುವ ಮೂಲೆ ಇಲ್ಲ, ಅಂಗೈಗೆ ಕೂರುತ್ತದೆ, ನೆಲಕ್ಕೆ ಬಿದ್ದರೆ ಉರುಳುತ್ತದೆ, ಉರುಳಿದರೆ ಮಗು ಹಿಂದೆ ಓಡುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆಯನ್ನು ಇದರ ಪಕ್ಕ ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಕಿನ್ನಾಳದವರು ಹಗುರ ಮರವನ್ನು ಕೆತ್ತಿ, ಕುಂಚದಿಂದ ಚಿತ್ರಿಸಿ ದೇವರು, ಪ್ರಾಣಿ, ಹಕ್ಕಿಗಳನ್ನು ಮೈತುಂಬ ವಿವರಗಳೊಡನೆ ಮಾಡುತ್ತಾರೆ. ಆ ಬೊಂಬೆಯನ್ನು ಕಣ್ಣಿಂದ ನೋಡಬೇಕು. ಚನ್ನಪಟ್ಟಣದ್ದು ಕೈಯಿಂದ ಆಡುವ ಬೊಂಬೆ.

ಜಗತ್ತಿನ ಬೇರೆ ಕಡೆಗಳಲ್ಲೂ ಲೇತಿನ ಕಟ್ಟಳೆ ಹೀಗೇ ಕಲ್ಪನೆಯನ್ನು ಕೆರಳಿಸಿದೆ. ಜಪಾನಿನ ಈಶಾನ್ಯ ಭಾಗದ ಬಿಸಿನೀರಿನ ಬುಗ್ಗೆಗಳ ಊರುಗಳಲ್ಲಿ ಕೈಕಾಲಿಲ್ಲದ ಕೊಕೆಶಿ ಬೊಂಬೆ ಹುಟ್ಟಿತು. ರಷ್ಯಾದಲ್ಲಿ 1890ರ ದಶಕದಲ್ಲಿ ಒಂದರೊಳಗೊಂದು ಅಡಗುವ ಮಾತ್ರ್ಯೋಷ್ಕಾ ಬಂತು. ಜರ್ಮನಿಯ ಝೈಫನ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮರದ ಬಳೆಯೊಂದನ್ನು ಅಡ್ಡ ಸೀಳಿದರೆ ಹಸುವಿನ ಆಕಾರ ಬರುವ ಹಾಗೆ ಕಡೆದು, ಬಳೆಯನ್ನು ಹೋಳು ಹೋಳು ಮಾಡಿ ಒಂದೇ ಸಲಕ್ಕೆ ಹಿಂಡು ದನಗಳನ್ನು ಪಡೆಯುತ್ತಾರೆ. ಅವರಲ್ಲಿ ಬಣ್ಣಕ್ಕೆ ಹೆಚ್ಚಾಗಿ ಕುಂಚ ಬೇಕು. ಚನ್ನಪಟ್ಟಣದಲ್ಲಿ ಕಡೆಯುವ ಯಂತ್ರವೇ ಬಣ್ಣವನ್ನೂ ಹಚ್ಚುತ್ತದೆ.

ಬಾವಾಸ್ ಮಿಯಾ, ಬೈಪಾಸು

ಇಂದಿನ ಬೊಂಬೆಯ ಹಿಂದೆ ಊರು ನೆನೆಯುವ ಹೆಸರು ಬಾವಾಸ್ ಮಿಯಾ ಅವರದು. ಜಪಾನಿನ ತಂತ್ರವನ್ನು ಅಳವಡಿಸಿಕೊಂಡು ಇಲ್ಲಿನ ಕಸುಬುದಾರರಿಗೆ ಹೊಸ ಬಗೆಯ ಆಟಿಕೆ ಕಲಿಸಿದವರು ಅವರು. ಚನ್ನಪಟ್ಟಣದ ಬೊಂಬೆಯ ಪಿತಾಮಹ ಎಂದೇ ಅವರನ್ನು ಕರೆಯುತ್ತಾರೆ. ಪರ್ಷಿಯಾದ ಮಾತಿರಲಿ, ಜಪಾನಿನ ಪಾಠವಿರಲಿ, ಕಾಡುಸೀಮೆಯ ಅರಗಿರಲಿ, ಹೊರಗಿನಿಂದ ಬಂದುದನ್ನು ತನ್ನ ಕೈಗೆ ಒಗ್ಗಿಸಿಕೊಳ್ಳುವುದು ಈ ಊರಿನ ಹಳೆಯ ಚಾಳಿ. ದಾರಿಯ ಜೊತೆಗೆ 1880ರ ದಶಕದ ಆರಂಭದಲ್ಲಿ ಬೆಂಗಳೂರು ಮೈಸೂರು ನಡುವಿನ ರೈಲೂ ಬಂತು. 1930ರ ದಶಕದಲ್ಲಿ ಸ್ಪನ್ ಸಿಲ್ಕ್ ಗಿರಣಿ ಬಂತು. ಆಮೇಲೆ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಕಾವೇರಿ ಮಳಿಗೆಗಳ ಮೂಲಕ ಬೊಂಬೆಗಳನ್ನು ಮಾರತೊಡಗಿತು. ರಾಜ್ಯ ಸರ್ಕಾರದ ವಿಶ್ವ ಯೋಜನೆ ಮತ್ತು ಡಚ್ ಸರ್ಕಾರದ ನೆರವಿನಿಂದ ಲೇತ್‌ಗಳುಳ್ಳ ಸಾಮೂಹಿಕ ಕೆಲಸದ ಸಂಕೀರ್ಣವೂ ಎದ್ದಿತು. 2006ರ ಹೊತ್ತಿಗೆ ಊರಿನಲ್ಲಿ 6,000ಕ್ಕೂ ಹೆಚ್ಚು ಮಂದಿ ಈ ಕೆಲಸದಲ್ಲಿದ್ದರು, 254 ಮನೆಗೆಲಸದ ಘಟಕಗಳೂ 50 ಸಣ್ಣ ಕಾರ್ಖಾನೆಗಳೂ ನಡೆಯುತ್ತಿದ್ದವು. ಅದೇ ಹೊತ್ತಿಗೆ, 2005-06ರ ಸಾಲಿನಲ್ಲಿ, ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಮಾನ್ಯತೆ ಬಂದಷ್ಟು ಸಲೀಸಾಗಿ ವ್ಯಾಪಾರ ಬರಲಿಲ್ಲ. ಚೀನಾದ ಪ್ಲಾಸ್ಟಿಕ್ ಆಟಿಕೆಗಳು ಅಗ್ಗದ ಬೆಲೆಗೆ ಸಂತೆಸಂತೆಗೂ ಹರಿದುಬಂದವು. ಆಲೆ ಮರ ಸಾಲದಾಗಿ ರಬ್ಬರ್ ಮರ, ತೇಗ, ಪೈನ್ ಕೂಡ ಲೇತ್ ಏರಿದವು. 2015ರ ಗಣರಾಜ್ಯೋತ್ಸವದ ದಿಲ್ಲಿ ಮೆರವಣಿಗೆಯಲ್ಲಿ ಕರ್ನಾಟಕದ ಸ್ತಬ್ಧಚಿತ್ರವಾಗಿ ಬೊಂಬೆಗಳು ಹೊರಟವು. 2020ರಲ್ಲಿ ಕೇಂದ್ರ ಸರ್ಕಾರ ಆಮದು ಆಟಿಕೆಗಳ ಮೇಲಿನ ಸುಂಕವನ್ನು ಶೇ 20ರಿಂದ 60ಕ್ಕೆ ಏರಿಸಿತು, 2023ರಲ್ಲಿ ಶೇ 70ಕ್ಕೆ. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಆಟಿಕೆಗಳನ್ನು ಮಾಡುವ ಅಧಿಕೃತ ಬಳಕೆದಾರರಿಗೂ ಅದರಿಂದ ವಿನಾಯಿತಿ ಸಿಕ್ಕಿತು. ಮನೆಯ ಜಗಲಿಯಲ್ಲಿ ಲೇತ್ ಇಟ್ಟುಕೊಂಡವರು ಪ್ರಯೋಗಾಲಯದ ಖರ್ಚು ಹೊರಲಾರರೆಂಬುದನ್ನು ಈ ವಿನಾಯಿತಿ ಒಪ್ಪಿಕೊಂಡಂತಾಯಿತು.

ಆಮೇಲೆ ದಾರಿಯೇ ಬದಲಾಯಿತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿಕೊಂಡು ಹೊರಗಿನಿಂದಲೇ ಹೋಗುತ್ತದೆ. ಹಳೆಯ ರಸ್ತೆಯ ಎರಡೂ ಬದಿಗೆ ಮರಗುದುರೆಗಳನ್ನು ಸಾಲಾಗಿ ನಿಲ್ಲಿಸಿ ಗಿರಾಕಿಗಳಿಗೆ ಕಾಯುತ್ತಿದ್ದ ಅಂಗಡಿಗಳು ನಂಬಿಕೊಂಡಿದ್ದು ದಾರಿಹೋಕರನ್ನು. ಕಾಫಿಗೆ ನಿಲ್ಲಿಸಿದವರು, ಮಗು ಹಟ ಹಿಡಿದದ್ದಕ್ಕೆ ಇಳಿದವರು, ಮಳೂರಿನಿಂದ ಮರಳುವವರು. ಈಗ ಬರುವವರು ಬೇಕೆಂದೇ ಬರಬೇಕು. ಕೋಟೆ ಕಟ್ಟಿದ ಕಾಲದಿಂದ ದಾರಿಯ ಮೇಲೆ ಬದುಕಿದ ಊರಿಗೆ ಇದು ಸಣ್ಣ ಮಾತಲ್ಲ. ಆನ್‌ಲೈನ್ ಮಾರಾಟ, ಬೆಂಗಳೂರಿನ ವಿನ್ಯಾಸಕಾರರ ಆರ್ಡರು, ಹೊರದೇಶದ ಶಾಲಾ ಆಟಿಕೆಗಳ ಬೇಡಿಕೆ, ಇವು ಹೊಸ ದಾರಿಗಳು. ಲೇತ್ ಉಳ್ಳ ಎಲ್ಲ ಮನೆಗಳಿಗೂ ಅವು ಇನ್ನೂ ತಲುಪಿಲ್ಲ.

ಕೊಳ್ಳುವವರಿಗೆ ಎರಡು ಮಾತು

ಒಳ್ಳೆಯ ಬೊಂಬೆಯನ್ನು ಗುರುತಿಸುವುದು ಕಷ್ಟವಲ್ಲ. ಬುಡವನ್ನು ತಿರುಗಿಸಿ ನೋಡಿ, ಕೊಯ್ದ ಗುರುತಿನ ಸುತ್ತ ಬಣ್ಣವಿಲ್ಲದ ಬಿಳಿ ಮರ ಕಾಣಬೇಕು. ಬೆರಳ ತುದಿಯಿಂದ ಮೈಯೆಲ್ಲ ಸವರಿ, ಗಂಟು ತಾಗಬಾರದು. ಎರಡು ಬಣ್ಣಗಳ ಗಡಿ ಚೊಕ್ಕವಾಗಿರಬೇಕು. ಗಾಲಿಯನ್ನು ತಿರುಗಿಸಿದರೆ ಓಲಾಡದೆ ಸುತ್ತಬೇಕು, ಓಲಾಡಿದರೆ ಮರ ಹಸಿಯಾಗಿದ್ದಾಗ ಕಡೆದದ್ದಿರಬಹುದು. ಎಳೆಗೂಸಿಗೆ ಕೊಳ್ಳುವುದಾದರೆ ಗಿಡಮೂಲದ ಬಣ್ಣವೇ ಎಂದು ಕೇಳಿ. ಅಂಥ ಬಣ್ಣ ಕಣ್ಣಿಗೆ ರಾಚುವುದಿಲ್ಲ, ಅರಿಶಿನದ ಹಳದಿ ಬಿಸಿಲಿಗೆ ತುಸು ಮಾಸುತ್ತದೆ, ಅದು ದೋಷವಲ್ಲ.

ಮನೆಗೆ ತಂದ ಮೇಲೆ ಅರಗಿನ ಸ್ವಭಾವ ನೆನಪಿರಲಿ. ಬೇಸಿಗೆಯ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬೊಂಬೆ ಬಿಡಬೇಡಿ, ಮೈ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳಬಹುದು. ನೀರಿನಲ್ಲಿ ನೆನೆಸಬೇಡಿ, ಹೊಳಪು ಬಿಳಿಚಿಕೊಳ್ಳುತ್ತದೆ. ಸ್ಯಾನಿಟೈಸರ್ ಹಾಕಿ ಒರೆಸಲೇಬೇಡಿ, ಅರಗು ಸ್ಪಿರಿಟಿನಲ್ಲಿ ಕರಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಒಣಬಟ್ಟೆಯಿಂದ ತಿಕ್ಕಿದರೆ ಸಾಕು, ಬೊಂಬೆ ಒಂದು ಮಗುವಿನ ಕೈಯಿಂದ ಮುಂದಿನ ಮಗುವಿನ ಕೈಗೆ ಹೋಗುವಷ್ಟು ಬಾಳುತ್ತದೆ.

ಇನ್ನೊಂದು ಕೋರಿಕೆ. ಮುಂದಿನ ಸಲ ಮೈಸೂರಿಗೆ ಹೋಗುವಾಗ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೆಯ ರಸ್ತೆ ಹಿಡಿಯಿರಿ. ಮಳೂರಿನ ಕೃಷ್ಣನನ್ನು ನೋಡಿ, ಅಂಗಡಿಯಲ್ಲಿ ಬೊಂಬೆ ಆರಿಸುವ ಮುಂಚೆ, ‘ಲೇತ್ ಎಲ್ಲಿ ನಡೀತದೆ, ಒಂಚೂರು ತೋರಿಸ್ತೀರಾ’ ಎಂದು ಕೇಳಿ. ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅರಗಿನ ಕಡ್ಡಿ ಮರಕ್ಕೆ ತಾಗುವುದನ್ನೂ ಗರಿ ಒತ್ತಿದೊಡನೆ ಹೊಳಪು ಏಳುವುದನ್ನೂ ಒಮ್ಮೆ ಕಣ್ಣಾರೆ ಕಂಡವರು ಬೆಲೆ ಚೌಕಾಸಿ ಮಾಡುವುದು ಕಡಿಮೆ.